ಸುಣ್ಣವೋ ಜಿಪ್ಸಮ್ಮೋ: ಹೊಲದ ಭಾರಲೋಹಗಳ ಮೇಲೆ ಕ್ಯಾಲ್ಸಿಯಂನ ಪರಿಣಾಮ

ಪ್ರಶ್ನೆ: ಬಿಡದಿ ಸಮೀಪ ನಮಗೆ ಎರಡು ಎಕರೆ ಕೆಂಪು ಮಣ್ಣಿನ ಜಮೀನಿದೆ. ವೃಷಭಾವತಿ ನೀರು ಬಂದು ಸೇರುವ ಬೈರಮಂಗಲ ಕೆರೆಯ ಕಾಲುವೆಯಿಂದ ತಂದೆಯವರ ಕಾಲದಿಂದಲೂ ನೀರು ಹಾಯಿಸುತ್ತಿದ್ದೇವೆ. ಬೇಬಿ ಕಾರ್ನ್, ಹಿಪ್ಪುನೇರಳೆ, ದನಗಳಿಗೆ ಹುಲ್ಲು, ಆಗಾಗ ಸೊಪ್ಪು ಬೆಳೆಯುತ್ತೇವೆ. ಕ್ಯಾಲ್ಸಿಯಂ ಭಾರಲೋಹಗಳನ್ನು ಕಟ್ಟಿಹಾಕುತ್ತದೆ, ಆದ್ದರಿಂದ ಜಿಪ್ಸಂ ಹಾಕಿ ಎಂದು ಗೊಬ್ಬರದ ಅಂಗಡಿಯವರು ಹೇಳುತ್ತಾರೆ. ಗದಗದ ಕಡೆ ಎರೆ ಹೊಲವಿರುವ ನಮ್ಮ ನೆಂಟರು, ತಮ್ಮ ಮಣ್ಣಿನಲ್ಲೇ ಸುಣ್ಣವಿರುವುದರಿಂದ ತಮಗೆ ಈ ಚಿಂತೆ ಇಲ್ಲ ಎನ್ನುತ್ತಾರೆ. ಕ್ಯಾಲ್ಸಿಯಂ ನಿಜವಾಗಿಯೂ ಭಾರಲೋಹಗಳನ್ನು ಹಿಡಿದಿಡುತ್ತದೆಯೇ? ಎಲ್ಲ ಮಣ್ಣಿಗೂ ಇದು ಒಂದೇ ರೀತಿಯೇ? ಸುಣ್ಣ ಹಾಕಬೇಕೋ, ಜಿಪ್ಸಂ ಹಾಕಬೇಕೋ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಮಣ್ಣಿನ ರಸಸಾರ (ಪಿಎಚ್, ಅಂದರೆ ಮಣ್ಣು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ; ಏಳು ಎಂದರೆ ತಟಸ್ಥ) ಎಷ್ಟಿದೆಯೆಂದು ಪರೀಕ್ಷಿಸುವವರೆಗೆ ಜಿಪ್ಸಮ್ಮನ್ನೂ ಹಾಕಬೇಡಿ, ಸುಣ್ಣವನ್ನೂ ಹಾಕಬೇಡಿ. ರಸಸಾರ ಆರಕ್ಕಿಂತ ಕೆಳಗಿದ್ದರೆ ಕೃಷಿ ಸುಣ್ಣದಿಂದ (ಪುಡಿ ಮಾಡಿದ ಸುಣ್ಣದಕಲ್ಲಿನಿಂದ) ನಿಮಗೆ ನಿಜವಾದ ಪ್ರಯೋಜನವಿದೆ. ಅದು ಏಳನ್ನು ದಾಟಿದ್ದರೆ ಸುಣ್ಣದಿಂದ ಏನೂ ಸಿಗದು. ಜಿಪ್ಸಮ್ಮಾದರೋ ಆಮ್ಲೀಯ ಕೆಂಪು ಮಣ್ಣಿನಲ್ಲಿ ಕ್ಯಾಡ್ಮಿಯಂನಂತಹ ಲೋಹವನ್ನು ಕಟ್ಟಿಹಾಕುವ ಬದಲು ಸ್ವಲ್ಪ ಕಾಲ ಸಡಿಲಿಸಿ ಬೇರಿನ ಕೈಗೆ ಕೊಡುವ ಸಾಧ್ಯತೆಯೇ ಹೆಚ್ಚು.

ಇದಕ್ಕೆ ಕಾರಣವಿಷ್ಟೆ: ಸುಣ್ಣ ಹಾಕಿದಾಗ ಭಾರಲೋಹವನ್ನು ಹಿಡಿದು ನಿಲ್ಲಿಸುವುದು ಕ್ಯಾಲ್ಸಿಯಂ ಅಲ್ಲ, ಅದರ ಜೊತೆಗೆ ಬರುವ ಕಾರ್ಬೊನೇಟ್ ಅಥವಾ ಹೈಡ್ರಾಕ್ಸೈಡ್. ಅವು ಮಣ್ಣಿನ ಆಮ್ಲತೆಯನ್ನು ತಗ್ಗಿಸಿ ರಸಸಾರವನ್ನು ಏರಿಸುತ್ತವೆ. ಜೇಡಿಯ ಅಂಚುಗಳ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ, ಕೊಳೆತ ಸಾವಯವ ಪದಾರ್ಥದ (ಹ್ಯೂಮಸ್) ಮೇಲ್ಮೈಯಲ್ಲಿ ಹೈಡ್ರೋಜನ್ ಅಯಾನುಗಳು (ವಿದ್ಯುದಂಶವಿರುವ ಕಣಗಳು) ಹಿಡಿದುಕೊಂಡಿದ್ದ ತಾಣಗಳು ಆಗ ತೆರವಾಗಿ ಸೀಸ, ತಾಮ್ರ, ಸತು, ಕ್ಯಾಡ್ಮಿಯಂ ಅಲ್ಲಿ ಬಲವಾಗಿ ಅಂಟಿಕೊಳ್ಳುತ್ತವೆ. ರಸಸಾರ ಒಂದು ಅಂಶದಷ್ಟು ಏರಿದರೂ ಮಣ್ಣು ಕ್ಯಾಡ್ಮಿಯಮ್ಮನ್ನು ಹಿಡಿಯುವ ಬಲ ಹಲವು ಪಟ್ಟು ಹೆಚ್ಚುತ್ತದೆ. ಜಿಪ್ಸಂ ಕ್ಯಾಲ್ಸಿಯಂ ಸಲ್ಫೇಟ್ ಆದುದರಿಂದ ಅದರಲ್ಲಿ ಕ್ಯಾಲ್ಸಿಯಂ ಇದ್ದರೂ ಆಮ್ಲತೆಯನ್ನು ತಗ್ಗಿಸುವ ಗುಣವಿಲ್ಲ. ಹಾಗಾಗಿ ಅದು ಮಣ್ಣಿಗೆ ಕೊಡುವುದು ಬರೀ ಕ್ಯಾಲ್ಸಿಯಮ್ಮನ್ನು, ಮತ್ತು ಬರೀ ಕ್ಯಾಲ್ಸಿಯಂ ಭಾರಲೋಹಗಳಿಗೆ ಪ್ರತಿಸ್ಪರ್ಧಿ.

ಈ ಸ್ಪರ್ಧೆ ಎಲ್ಲ ಲೋಹಗಳೊಂದಿಗೂ ಒಂದೇ ಮಟ್ಟದಲ್ಲಿರುವುದಿಲ್ಲ. ಕ್ಯಾಲ್ಸಿಯಂ ಅಯಾನಿನ ತ್ರಿಜ್ಯ 100 ಪಿಕೋಮೀಟರ್, ಕ್ಯಾಡ್ಮಿಯಂನದು 95, ಎರಡಕ್ಕೂ ಎರಡು ಧನ ವಿದ್ಯುದಂಶ. ಗಾತ್ರದಲ್ಲೂ ವಿದ್ಯುದಂಶದಲ್ಲೂ ಇಷ್ಟು ಹತ್ತಿರವಿರುವುದರಿಂದ ಜೇಡಿಯ ವಿನಿಮಯ ತಾಣಗಳಲ್ಲಿ ಒಂದರ ಸ್ಥಳವನ್ನು ಇನ್ನೊಂದು ಸುಲಭವಾಗಿ ಹಿಡಿಯುತ್ತದೆ. ಸೀಸವೂ ತಾಮ್ರವೂ ಹೀಗೆ ಸುಲಭಕ್ಕೆ ಜಾಗ ಬಿಡುವುದಿಲ್ಲ, ಏಕೆಂದರೆ ಅವು ಬರೀ ವಿದ್ಯುತ್ ಆಕರ್ಷಣೆಯಿಂದ ನಿಂತಿರದೆ ಆಕ್ಸೈಡುಗಳ ಜೊತೆಗೆ ಮತ್ತು ಹ್ಯೂಮಸ್ಸಿನ ಜೊತೆಗೆ ರಾಸಾಯನಿಕ ಬಂಧವನ್ನೇ ಕಟ್ಟಿಕೊಂಡಿರುತ್ತವೆ. ಸಾಮಾನ್ಯವಾಗಿ ಮಣ್ಣು ಅತ್ಯಂತ ಬಿಗಿಯಾಗಿ ಹಿಡಿಯುವುದು ಸೀಸವನ್ನು, ಆಮೇಲೆ ತಾಮ್ರವನ್ನು. ಸತು, ನಿಕಲ್, ಕ್ಯಾಡ್ಮಿಯಂ ಸಡಿಲವಾಗಿರುವ ಗುಂಪಿಗೆ ಸೇರುತ್ತವೆ. ಆದ್ದರಿಂದ ಕ್ಯಾಲ್ಸಿಯಂ ಭಾರಲೋಹಗಳನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಯಾವ ಲೋಹ ಎಂದು ಕೇಳದೆ ಉತ್ತರಿಸಲಾಗದು.

ಪ್ರಯೋಗಶಾಲೆಯ ಒಂದು ದಿನನಿತ್ಯದ ಕ್ರಮವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಮತ್ತು ಸತುವಿನಲ್ಲಿ ಬೆಳೆಗೆ ಸುಲಭವಾಗಿ ಸಿಗುವ ಭಾಗ ಎಷ್ಟೆಂದು ತಿಳಿಯಲು ಒಂದು ಭಾಗ ಒಣಗಿಸಿ ಜರಡಿ ಹಿಡಿದ ಮಣ್ಣಿಗೆ ಹತ್ತು ಭಾಗ ತೆಳು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಬೆರೆಸಿ, ಬಾಟಲಿಯನ್ನು ಕೆಲವು ಗಂಟೆ ಯಂತ್ರದಲ್ಲಿ ಅಲುಗಾಡಿಸಿ, ಸೋಸಿ, ತಿಳಿನೀರಿನಲ್ಲಿ ಬಂದ ಲೋಹವನ್ನು ಅಳೆಯುತ್ತಾರೆ. ಆ ದ್ರಾವಣದ ಸಾಂದ್ರತೆ 0.01 ಮೋಲಾರ್, ಎಂದರೆ ಲೀಟರಿಗೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟು ಕ್ಯಾಲ್ಸಿಯಂ ಜೇಡಿಯ ಮೇಲೆ ಸಡಿಲವಾಗಿ ಕುಳಿತ ಕ್ಯಾಡ್ಮಿಯಮ್ಮನ್ನು ಎಬ್ಬಿಸಿ ನೀರಿಗೆ ತರಲು ಸಾಕಾಗುತ್ತದೆ, ಅದಕ್ಕಾಗಿಯೇ ಅದನ್ನು ಬಳಸುತ್ತಾರೆ. ಈಗ ಜಿಪ್ಸಮ್ಮಿನ ಲೆಕ್ಕ ನೋಡಿ. ಲೀಟರ್ ನೀರಿನಲ್ಲಿ ಸುಮಾರು 2.4 ಗ್ರಾಂ ಜಿಪ್ಸಂ ಕರಗುತ್ತದೆ. ಅದರಿಂದ ನೀರಿಗೆ ಸೇರುವ ಕ್ಯಾಲ್ಸಿಯಂ ಸುಮಾರು 550 ಮಿಲಿಗ್ರಾಂ. ಅಂದರೆ ಜಿಪ್ಸಂ ಹಾಕಿ ನೀರು ಹಾಯಿಸಿದ ಹೊಲದ ಮಣ್ಣಿನ ನೀರು, ಲೋಹವನ್ನು ಹೊರತೆಗೆಯಲೆಂದೇ ಸಿದ್ಧಪಡಿಸಿದ ಪ್ರಯೋಗಶಾಲೆಯ ದ್ರಾವಣಕ್ಕಿಂತಲೂ ಹೆಚ್ಚು ಕ್ಯಾಲ್ಸಿಯಮ್ಮನ್ನು ಹೊಂದಿರಬಲ್ಲದು. ಜಿಪ್ಸಮ್ಮಿನಿಂದ ಭಾರಲೋಹ ಕಟ್ಟಿಬೀಳುತ್ತದೆ ಎಂಬ ಮಾತನ್ನು ನಾನು ಒಪ್ಪದಿರುವುದು ಈ ಲೆಕ್ಕದ ಕಾರಣದಿಂದ. ಕೃಷಿ ಸುಣ್ಣ ಹೀಗೆ ಕರಗುವುದಿಲ್ಲ. ಮಣ್ಣಿನ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡಿನ ನೆರವಿದ್ದರೂ ಅದು ನೀರಿಗೆ ಬಿಡುವ ಕ್ಯಾಲ್ಸಿಯಂ ಇದಕ್ಕಿಂತ ಬಹಳ ಕಡಿಮೆ, ಮತ್ತು ಅದರ ಜೊತೆಯಲ್ಲೇ ರಸಸಾರ ಏರುವುದರಿಂದ ಸ್ಪರ್ಧೆಯಲ್ಲಿ ಸಡಿಲವಾದ ಲೋಹಕ್ಕಿಂತ ಹೆಚ್ಚು ಲೋಹ ಮತ್ತೆ ಬಂಧಿಯಾಗುತ್ತದೆ.

ಬೇರಿನ ಬಳಿ ಕ್ಯಾಲ್ಸಿಯಂನ ಪಾತ್ರ ಬೇರೆ ಎಂಬುದನ್ನೂ ಇಲ್ಲೇ ಹೇಳಬೇಕು. ಕ್ಯಾಡ್ಮಿಯಂಗೆಂದು ಪ್ರತ್ಯೇಕವಾದ ದಾರಿ ಗಿಡದ ಬೇರಿನಲ್ಲಿಲ್ಲ. ಅದು ಕ್ಯಾಲ್ಸಿಯಂ, ಸತು, ಕಬ್ಬಿಣ, ಮ್ಯಾಂಗನೀಸ್ ಒಳಹೋಗುವ ದಾರಿಗಳಲ್ಲೇ ನುಸುಳುತ್ತದೆ. ಬೇರಿನ ಮೇಲ್ಮೈಯಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಕ್ಯಾಡ್ಮಿಯಂಗೆ ಒಳನುಗ್ಗಲು ಅವಕಾಶ ಕಡಿಮೆಯಾಗುತ್ತದೆ, ಬೇರಿನ ಕೋಶಪೊರೆಯೂ ಗಟ್ಟಿಯಾಗಿರುತ್ತದೆ. ಹಾಗಾಗಿ ಒಂದೇ ಕ್ಯಾಲ್ಸಿಯಂ ಜೇಡಿಯ ಬಳಿ ಲೋಹವನ್ನು ಹೊರದೂಡುತ್ತದೆ, ಬೇರಿನ ಬಳಿ ಅದನ್ನು ತಡೆಯುತ್ತದೆ. ಇವೆರಡರಲ್ಲಿ ಯಾವುದು ಮೇಲುಗೈ ಎಂಬುದು ಮಣ್ಣಿನ ಜೇಡಿ ಎಷ್ಟು ಲೋಹವನ್ನು ಹಿಡಿದಿಡಬಲ್ಲದು ಎಂಬುದರ ಮೇಲೆ ನಿಲ್ಲುತ್ತದೆ. ಮಣ್ಣಿನ ಜಾತಿಯ ಮಾತು ಬರುವುದು ಇಲ್ಲಿಯೇ.

ನಿಮ್ಮ ಕೆಂಪು ಮಣ್ಣಿನಲ್ಲಿ ಇರುವುದು ಹೆಚ್ಚಾಗಿ ಕೆಯೊಲಿನೈಟ್ ಜೇಡಿ ಮತ್ತು ಮಣ್ಣಿಗೆ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡು. ಇದರ ಧನ ಅಯಾನು ವಿನಿಮಯ ಸಾಮರ್ಥ್ಯ, ಅಂದರೆ ಧನ ವಿದ್ಯುದಂಶದ ಅಯಾನುಗಳನ್ನು ಹಿಡಿದಿಟ್ಟು ಅದಲುಬದಲು ಮಾಡುವ ಶಕ್ತಿ, ಕಡಿಮೆ, ಸಾಮಾನ್ಯವಾಗಿ ಕಿಲೋಗ್ರಾಂ ಮಣ್ಣಿಗೆ 5ರಿಂದ 15 ಸೆಂಟಿಮೋಲ್. ಇಂತಹ ಮಣ್ಣಿನಲ್ಲಿ ಲೋಹವನ್ನು ಹಿಡಿಯುವ ಬಹುಪಾಲು ತಾಣಗಳು ರಸಸಾರವನ್ನು ಅವಲಂಬಿಸಿವೆ. ರಸಸಾರ 5.5ರಲ್ಲಿ ಮುಚ್ಚಿಕೊಂಡಿರುವ ತಾಣ 6.5ರಲ್ಲಿ ತೆರೆಯುತ್ತದೆ. ಆದ್ದರಿಂದ ಸುಣ್ಣದ ಫಲ ಎದ್ದು ಕಾಣುವುದು ಆಮ್ಲೀಯ ಕೆಂಪು ಮಣ್ಣಿನಲ್ಲಿ, ಜಿಪ್ಸಮ್ಮಿನ ಅಡ್ಡಪರಿಣಾಮ ಎದ್ದು ಕಾಣುವುದೂ ಅಲ್ಲೇ.

ಆದರೆ ನಿಮ್ಮ ಜಮೀನು ಈಗ ಹುಟ್ಟು ಕೆಂಪು ಮಣ್ಣಾಗಿ ಉಳಿದಿದೆಯೇ ಎಂಬುದನ್ನು ಮೊದಲು ನೋಡಬೇಕು. ವೃಷಭಾವತಿ ಬೆಂಗಳೂರಿನ ಮನೆಗಳ ಕೊಳಚೆಯನ್ನೂ ಪೀಣ್ಯದ ಕಡೆಯ ಕೈಗಾರಿಕೆಗಳ ತ್ಯಾಜ್ಯವನ್ನೂ ಹೊತ್ತು ಬರುತ್ತದೆ. ನಗರದ ಕೊಳಚೆ ನೀರು ಸಾಮಾನ್ಯವಾಗಿ ತಟಸ್ಥ ಅಥವಾ ಅಲ್ಪ ಕ್ಷಾರೀಯವಾಗಿದ್ದು ಅದರಲ್ಲಿ ಕ್ಯಾಲ್ಸಿಯಂ, ಬೈಕಾರ್ಬೊನೇಟ್, ಸಾಬೂನು ಮತ್ತು ಡಿಟರ್ಜೆಂಟ್‌ಗಳ ಸೋಡಿಯಂ, ಸಾವಯವ ಪದಾರ್ಥ ಎಲ್ಲವೂ ಇರುತ್ತವೆ. ಇಂತಹ ನೀರು ದಶಕಗಟ್ಟಲೆ ಹರಿದ ಹೊಲಕ್ಕೆ ಅದೇ ನೀರೇ ಸುಣ್ಣ ಹಾಕಿದಂತಾಗಿ ರಸಸಾರ ಏಳರ ಮೇಲೆ ಹೋಗಿರಬಹುದು. ಹಾಗಿದ್ದರೆ ನೀವು ಟನ್‌ಗಟ್ಟಲೆ ಸುಣ್ಣ ಚೆಲ್ಲಿದರೂ ಕ್ಯಾಡ್ಮಿಯಂ ಇನ್ನಷ್ಟು ತಗ್ಗುವುದಿಲ್ಲ. ಬೆಳೆಗೆ ಸತು, ಕಬ್ಬಿಣ, ಮ್ಯಾಂಗನೀಸ್, ಬೋರಾನ್ ಸಿಗದೆ ಎಲೆ ಬಿಳಿಚಿಕೊಳ್ಳುತ್ತದೆ, ಅಷ್ಟೇ. ಸತುವಿನ ಕೊರತೆ ಬಂದ ಗಿಡ ಕ್ಯಾಡ್ಮಿಯಮ್ಮನ್ನು ಹೆಚ್ಚು ಹೀರುವ ಪ್ರವೃತ್ತಿ ತೋರಿಸುವುದರಿಂದ, ಅತಿಯಾದ ಸುಣ್ಣ ತನ್ನ ಉದ್ದೇಶವನ್ನೇ ಕೆಡಿಸಿಕೊಳ್ಳುವ ಸಂಭವವೂ ಇದೆ. ರಸಸಾರವನ್ನು 6.5ರ ಆಸುಪಾಸಿಗೆ ತಂದು ಅಲ್ಲಿ ನಿಲ್ಲಿಸುವುದು ಸಾಕು.

ನಿಮ್ಮ ನೆಂಟರ ಎರೆ ಹೊಲದ ಸ್ಥಿತಿ ಬೇರೆ. ಅಲ್ಲಿನ ಜೇಡಿ ಸ್ಮೆಕ್ಟೈಟ್ ಗುಂಪಿನದು, ವಿನಿಮಯ ಸಾಮರ್ಥ್ಯ ಸಾಮಾನ್ಯವಾಗಿ 35ರಿಂದ 60 ಸೆಂಟಿಮೋಲ್, ಮತ್ತು ಆ ತಾಣಗಳ ಋಣ ವಿದ್ಯುದಂಶ ರಸಸಾರ ಏರಲಿ ಇಳಿಯಲಿ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಉತ್ತಾಗ ಮೇಲೆ ಬರುವ ಬಿಳಿ ಹರಳುಗಳು ಸಹಜವಾದ ಕ್ಯಾಲ್ಸಿಯಂ ಕಾರ್ಬೊನೇಟ್. ಅವುಗಳ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಬುರುಬುರು ಗುಳ್ಳೆ ಏಳುತ್ತದೆ. ಮಣ್ಣಿನ ಪುಡಿಯ ಮೇಲೂ ಗುಳ್ಳೆ ಎದ್ದರೆ ಆ ಹೊಲಕ್ಕೆ ಸುಣ್ಣ ಬೇಕಿಲ್ಲ ಎಂದೇ ಅರ್ಥ. ಇಂತಹ ಮಣ್ಣಿನಲ್ಲಿ ಕ್ಯಾಡ್ಮಿಯಂ ಕಾರ್ಬೊನೇಟ್ ಕಣಗಳ ಮೇಲ್ಮೈಯನ್ನು ಹಿಡಿದು ಕ್ರಮೇಣ ಹರಳಿನೊಳಗೇ ಸೇರಿಕೊಳ್ಳುತ್ತದೆ. ಕ್ಯಾಲ್ಸಿಯಂನಷ್ಟೇ ಗಾತ್ರವಿರುವುದು ಇಲ್ಲಿ ಅದಕ್ಕೆ ಬಂಧನವಾಗಿ ಪರಿಣಮಿಸುತ್ತದೆ. ಆದ್ದರಿಂದ ನಿಮ್ಮ ನೆಂಟರ ಮಾತು ಕ್ಯಾಡ್ಮಿಯಂ, ಸೀಸ, ಸತು, ನಿಕಲ್ ಮಟ್ಟಿಗೆ ಬಹುತೇಕ ಸರಿ.

ಅದು ಪೂರ್ತಿ ಸರಿಯಲ್ಲದಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಆರ್ಸೆನಿಕ್ ಮತ್ತು ಆರು ವೇಲೆನ್ಸಿಯ ಕ್ರೋಮಿಯಂ ಮಣ್ಣಿನಲ್ಲಿ ಧನ ಅಯಾನುಗಳಾಗಿರದೆ ಆಮ್ಲಜನಕದೊಡನೆ ಸೇರಿ ಋಣ ಅಯಾನುಗಳಾಗಿ ಇರುತ್ತವೆ. ರಸಸಾರ ಏರಿದಂತೆ ಕಬ್ಬಿಣದ ಆಕ್ಸೈಡಿನ ಮೇಲ್ಮೈ ಧನ ವಿದ್ಯುದಂಶವನ್ನು ಕಳೆದುಕೊಂಡು ಇವುಗಳನ್ನು ಬಿಟ್ಟುಕೊಡುತ್ತದೆ. ಸೀಸವನ್ನೂ ಕ್ಯಾಡ್ಮಿಯಮ್ಮನ್ನೂ ಹಿಡಿದಿಡುವ ಕ್ಷಾರೀಯ ಎರೆ ಮಣ್ಣು ಕ್ರೋಮೇಟನ್ನು (ಆರು ವೇಲೆನ್ಸಿಯ ಕ್ರೋಮಿಯಂನ ಋಣ ಅಯಾನನ್ನು) ಹಿಡಿಯುವಲ್ಲಿ ದುರ್ಬಲ. ಇದು ನಿಮಗೂ ಅನ್ವಯಿಸುತ್ತದೆ. ಲೋಹಲೇಪನ ಮಾಡುವ ಕಾರ್ಖಾನೆಗಳ ತ್ಯಾಜ್ಯದಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಇರುವುದರಿಂದ, ಅಂತಹ ನೀರು ಬರುವ ಜಮೀನಿಗೆ ಸುಣ್ಣ ಹಾಕುವುದು ಆ ಒಂದು ಲೋಹದ ಮಟ್ಟಿಗೆ ಹಿಮ್ಮುಖ ಕ್ರಮ. ಅದಕ್ಕೆ ಮದ್ದು ಸಾವಯವ ಪದಾರ್ಥ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವಿರುವ ಮಣ್ಣು ಅದನ್ನು ಮೂರು ವೇಲೆನ್ಸಿಯ ಕ್ರೋಮಿಯಂ ಆಗಿ ಬದಲಿಸುತ್ತದೆ. ಆ ರೂಪ ನೀರಿನಲ್ಲಿ ಅಷ್ಟಾಗಿ ಕರಗದು, ವಿಷವೂ ಬಹಳ ಕಡಿಮೆ.

ಎರಡನೆಯದು ಚೌಳು. ಎರೆ ಹೊಲವೇ ಇರಲಿ, ಕೊಳಚೆ ನೀರಿನಿಂದ ಸೋಡಿಯಂ ತುಂಬಿಕೊಂಡ ನಿಮ್ಮ ಹೊಲವೇ ಇರಲಿ, ರಸಸಾರ 8.5ನ್ನು ದಾಟಿದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ನೀರಿನಲ್ಲಿ ತೇಲುತ್ತವೆ, ಹ್ಯೂಮಸ್ ಕರಗಿ ನೀರಿಗೆ ಕಂದು ಬಣ್ಣ ಬರುತ್ತದೆ. ತಾಮ್ರ ಮತ್ತು ಸೀಸ ಹ್ಯೂಮಸ್ಸಿಗೆ ಅಂಟಿಕೊಂಡಿರುವುದರಿಂದ ಅದು ಹೋದಲ್ಲೆಲ್ಲ ಅವೂ ಹೋಗುತ್ತವೆ. ಇಲ್ಲಿ, ಇಲ್ಲಿ ಮಾತ್ರ, ಜಿಪ್ಸಮ್ಮೇ ಸರಿಯಾದ ಪದಾರ್ಥ. ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಹೊರದೂಡಿ ಜೇಡಿಯನ್ನೂ ಹ್ಯೂಮಸ್ಸನ್ನೂ ಗಟ್ಟಿಗೊಳಿಸಿ ಕೂರಿಸುತ್ತದೆ, ಅವುಗಳ ಬೆನ್ನೇರಿ ಹೊರಟಿದ್ದ ತಾಮ್ರ, ಸೀಸಗಳೂ ನಿಲ್ಲುತ್ತವೆ. ಅಂಗಡಿಯವರ ಸಲಹೆ ಇಂತಹ ಒಂದು ಹೊಲವನ್ನು ನೋಡಿ ಬಂದದ್ದಾಗಿರಬಹುದು. ಅದನ್ನು ಎಲ್ಲ ಮಣ್ಣಿಗೂ ಅನ್ವಯಿಸಿದ್ದು ಸರಿಯಲ್ಲ.

ಜಂಬಿಟ್ಟಿಗೆ ಮಣ್ಣಿನ ಬಗ್ಗೆ ನೀವು ಕೇಳಿಲ್ಲ. ಆದರೂ ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಇದೇ ರಸಾಯನಶಾಸ್ತ್ರ ನೂರು ವರ್ಷಗಳಿಂದ ನಡೆದುಕೊಂಡು ಬಂದಿರುವುದರಿಂದ ಅದನ್ನು ಹೇಳದೆ ಮುಂದೆ ಹೋಗಲಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 20ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದರು. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಅದರಲ್ಲಿರುವ ತಾಮ್ರ ಸುಮಾರು 250 ಗ್ರಾಂ. ಪ್ರತಿ ಮಳೆಗಾಲದಲ್ಲೂ ಸಿಂಪಡಿಸಿದ ಈ ತಾಮ್ರ ಎಲ್ಲಿಗೂ ಹೋಗದೆ ತೋಟದ ಮೇಲ್ಮಣ್ಣಿನಲ್ಲೇ ಸೇರುತ್ತಾ ಬಂದಿದೆ. ಜಂಬಿಟ್ಟಿಗೆ ಮಣ್ಣಿನ ರಸಸಾರ ಎಷ್ಟೋ ಕಡೆ 4.5ರಿಂದ 5.5ರೊಳಗಿದ್ದು ವಿನಿಮಯ ಸಾಮರ್ಥ್ಯವೂ ಅತ್ಯಲ್ಪವಾಗಿರುವುದರಿಂದ ತಾಮ್ರವನ್ನು ಹಿಡಿದಿರುವುದು ಮುಖ್ಯವಾಗಿ ಸೊಪ್ಪು ಗೊಬ್ಬರದಿಂದ ಬಂದ ಹ್ಯೂಮಸ್. ಅಲ್ಲಿ ಸುಣ್ಣ ಹಾಕುವುದು ಒಳ್ಳೆಯದೇ, ಆದರೆ ಒಮ್ಮೆಲೇ ಹೆಚ್ಚು ಪ್ರಮಾಣದ ಅರಳಿದ ಸುಣ್ಣ ಸುರಿದು ರಸಸಾರವನ್ನು ಥಟ್ಟನೆ ಏರಿಸಿದರೆ ಹ್ಯೂಮಸ್ಸಿನ ಒಂದು ಭಾಗ ಕರಗಿ ತಾಮ್ರವನ್ನೂ ಜೊತೆಗೊಯ್ಯುತ್ತದೆ. ಕೃಷಿ ಸುಣ್ಣವನ್ನು ಎರಡು ಮೂರು ವರ್ಷಗಳಿಗೆ ಹಂಚಿ ಹಾಕಿದರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ.

ಭತ್ತದ ಗದ್ದೆಯಲ್ಲಿ ನೀರು ನಿಂತಿರುವಷ್ಟು ಕಾಲ ಕ್ಯಾಲ್ಸಿಯಂನ ಮಾತು ಹಿಂದೆ ಸರಿಯುತ್ತದೆ. ಆಮ್ಲಜನಕ ಮುಗಿದು ಸಲ್ಫೇಟ್ ಸಲ್ಫೈಡಾಗಿ, ಕ್ಯಾಡ್ಮಿಯಂ ಅದರೊಡನೆ ಸೇರಿ ಕೆಳಗಿಳಿಯುತ್ತದೆ. ತೆನೆ ಕಟ್ಟುವ ಹೊತ್ತಿಗೆ ನೀರು ಬಸಿದರೆ ಅದು ಮತ್ತೆ ಬಿಡುಗಡೆಯಾಗಿ ಕಾಳಿಗೆ ಸೇರುತ್ತದೆ. ಆರ್ಸೆನಿಕ್ ಇದಕ್ಕೆ ಪೂರ್ತಿ ತದ್ವಿರುದ್ಧವಾಗಿದ್ದು ನೀರು ನಿಂತಾಗಲೇ ಸಡಿಲವಾಗುತ್ತದೆ. ಜಪಾನಿನ ತೊಯಾಮಾ ಪ್ರಾಂತ್ಯದಲ್ಲಿ ಕಮಿಯೋಕಾ ಗಣಿಯ ಕ್ಯಾಡ್ಮಿಯಂ ಜಿಂಜೂ ನದಿಯ ಮೂಲಕ ಗದ್ದೆಗಳಿಗೆ ಬಂದು, ಅಕ್ಕಿಯ ಮೂಲಕ ಜನರ ಮೂಳೆಗಳನ್ನು ಮೆತ್ತಗಾಗಿಸಿ ದುರ್ಬಲಗೊಳಿಸಿದ ಇತಾಯ್ ಇತಾಯ್ ಕಾಯಿಲೆಯನ್ನು ಅಲ್ಲಿನ ಸರ್ಕಾರ 1968ರಲ್ಲಿ ಅಧಿಕೃತವಾಗಿ ಮಾಲಿನ್ಯಜನ್ಯ ಕಾಯಿಲೆಯೆಂದು ಒಪ್ಪಿತು. ಆ ಗದ್ದೆಗಳನ್ನು ಸರಿಪಡಿಸಿದ್ದು ಸುಣ್ಣದಿಂದಲ್ಲ. ಹೊಸ ಮಣ್ಣು ತಂದು ಹಳೆಯದರ ಮೇಲೆ ಹಾಸುವ ಕೆಲಸ ಮೂರು ದಶಕಗಳಷ್ಟು ಕಾಲ ನಡೆದು 2012ರಲ್ಲಿ ಮುಗಿಯಿತು. ಮಾಲಿನ್ಯ ಅತಿಯಾದ ಕಡೆ ಸುಣ್ಣದ ಶಕ್ತಿಗೂ ಮಿತಿಯಿದೆ ಎಂಬುದನ್ನು ನೀವು ಗಮನದಲ್ಲಿಟ್ಟುಕೊಳ್ಳಬೇಕು.

ಇನ್ನು ನೀವು ಮಾಡಬೇಕಾದ್ದು. ಹೊಲದ ಹತ್ತು ಹನ್ನೆರಡು ಕಡೆಯಿಂದ, ಆರು ಅಂಗುಲ ಆಳದವರೆಗಿನ ಮಣ್ಣನ್ನು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೃಷಿ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೋ ಕೊಡಿ. ಕಾಲುವೆಯ ನೀರು ಮೊದಲು ಬೀಳುವ ಮೂಲೆಯ ಮಣ್ಣನ್ನು ಇದರ ಜೊತೆ ಬೆರೆಸದೆ ಬೇರೆಯಾಗಿಯೇ ಕೊಡಿ, ಏಕೆಂದರೆ ಹೂಳಿನೊಂದಿಗೆ ಬಂದ ಲೋಹ ಹೆಚ್ಚಾಗಿ ತಂಗುವುದು ಅಲ್ಲಿ. ರಸಸಾರ, ಲವಣಾಂಶ, ಸಾವಯವ ಇಂಗಾಲ, ವಿನಿಮಯಯೋಗ್ಯ ಸೋಡಿಯಂ ಇವಿಷ್ಟನ್ನು ಕೇಳಿ. ರಸಸಾರ ಆರಕ್ಕಿಂತ ಕೆಳಗಿದ್ದರೆ ಎಕರೆಗೆ ಎಷ್ಟು ಸುಣ್ಣ ಬೇಕೆಂಬುದನ್ನೂ ಅಲ್ಲಿಯೇ ಪರೀಕ್ಷಿಸಿ ಹೇಳುತ್ತಾರೆ. ಭಾರಲೋಹದ ಪರೀಕ್ಷೆ ಮಾಡಿಸುವಾಗ ಒಟ್ಟು ಪ್ರಮಾಣದ ಜೊತೆಗೆ ಬೆಳೆಗೆ ಸಿಗುವ ಪ್ರಮಾಣವನ್ನೂ ಅಳೆಸಿ. ಸತುವಿಗಾಗಿ ನಿತ್ಯ ಮಾಡುವ ಡಿಟಿಪಿಎ ಪರೀಕ್ಷೆಯ ತಿಳಿನೀರಿನಲ್ಲೇ ಕ್ಯಾಡ್ಮಿಯಂ, ಸೀಸ, ನಿಕಲ್‌ಗಳನ್ನೂ ಅಳೆಯಬಹುದು. ಒಟ್ಟು ಪ್ರಮಾಣ ಸುಣ್ಣ ಹಾಕಿದ ಮೇಲೂ ಹಾಗೆಯೇ ಇರುತ್ತದೆ. ಬದಲಾಗುವುದು ಈ ಎರಡನೆಯ ಅಂಕಿ. ಸಾಧ್ಯವಾದರೆ ಸೊಪ್ಪನ್ನೂ ಪರೀಕ್ಷೆಗೆ ಕೊಡಿ. ಅಂತರರಾಷ್ಟ್ರೀಯ ಕೋಡೆಕ್ಸ್ ಆಹಾರ ಮಾನದಂಡದ ಪ್ರಕಾರ ಹಸಿ ಸೊಪ್ಪಿನಲ್ಲಿ ಕಿಲೋಗೆ 0.2 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ, 0.3 ಮಿಲಿಗ್ರಾಂಗಿಂತ ಹೆಚ್ಚು ಸೀಸ ಇರಕೂಡದು.

ಸುಣ್ಣ ಬೇಕೆಂದಾದರೆ ನುಣ್ಣಗೆ ಪುಡಿ ಮಾಡಿದ ಕೃಷಿ ಸುಣ್ಣವನ್ನೇ ಆರಿಸಿ, ಬಿತ್ತನೆಗೆ ಮೂರು ನಾಲ್ಕು ವಾರ ಮೊದಲು ಮಣ್ಣಿನಲ್ಲಿ ಚೆನ್ನಾಗಿ ಬೆರೆಸಿ. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನ ತಟಸ್ಥಗೊಳಿಸುವ ಬಲವನ್ನು 100 ಎಂದಿಟ್ಟುಕೊಂಡರೆ ಅರಳಿದ ಸುಣ್ಣದ್ದು ಸುಮಾರು 135, ಸುಟ್ಟ ಸುಣ್ಣದ್ದು 179. ಈ ಅಂತರ ಗೊತ್ತಿಲ್ಲದೆ ಒಂದೇ ತೂಕದಲ್ಲಿ ಹಾಕಿದರೆ ಅಳತೆ ತಪ್ಪುತ್ತದೆ. ಹಾಕಿದ ಸುಣ್ಣ ಶಾಶ್ವತವೂ ಅಲ್ಲ. 100 ಕೆಜಿ ಯೂರಿಯಾ ಹುಟ್ಟಿಸುವ ಆಮ್ಲತೆಯನ್ನು ಕಳೆಯಲು ಸುಮಾರು 80 ಕೆಜಿ, ಅಷ್ಟೇ ಅಮೋನಿಯಂ ಸಲ್ಫೇಟಿಗೆ ಸುಮಾರು 110 ಕೆಜಿ ಕ್ಯಾಲ್ಸಿಯಂ ಕಾರ್ಬೊನೇಟ್ ಬೇಕು. ಗೊಬ್ಬರ ಹಾಕುತ್ತಾ ಸುಣ್ಣವನ್ನು ಮರೆತರೆ ರಸಸಾರ ಮತ್ತೆ ಇಳಿದು, ಹಿಡಿದಿಟ್ಟ ಕ್ಯಾಡ್ಮಿಯಂ ಹಿಂದಿನಂತೆಯೇ ಸಡಿಲವಾಗುತ್ತದೆ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ರಸಸಾರವನ್ನು ನೋಡುತ್ತಿರಲೇಬೇಕು. ಕ್ಯಾಲ್ಸಿಯಂ ಕ್ಲೋರೈಡನ್ನಂತೂ ಇಂತಹ ಜಮೀನಿಗೆ ಯಾವ ರೂಪದಲ್ಲೂ ಬಳಸಬೇಡಿ. ಕ್ಲೋರೈಡು ಕ್ಯಾಡ್ಮಿಯಂನೊಂದಿಗೆ ಕರಗುವ ಸಂಯುಕ್ತ ಕಟ್ಟಿಕೊಂಡು ಅದನ್ನು ಬೇರಿಗೆ ತಲುಪಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಉಪ್ಪು ನೀರು ಹಾಯಿಸಿದ ಹೊಲಗಳ ಆಲೂಗಡ್ಡೆಯಲ್ಲಿ ಕ್ಯಾಡ್ಮಿಯಂ ಹೆಚ್ಚಿದ್ದುದಕ್ಕೆ ಇದೇ ಕಾರಣವೆಂದು 1990ರ ದಶಕದಲ್ಲಿ ಕಂಡುಕೊಂಡರು.

ಬೆಳೆಯ ಆಯ್ಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಪಾಲಕ್, ಹರಿವೆ, ದಂಟು, ಕೊತ್ತಂಬರಿಯನ್ನು ಈ ಜಮೀನಿನಲ್ಲಿ ಬೆಳೆಯಬೇಡಿ. ಸೊಪ್ಪುಗಳು ಕ್ಯಾಡ್ಮಿಯಮ್ಮನ್ನು ಎಲೆಯಲ್ಲೇ ತುಂಬಿಕೊಳ್ಳುತ್ತವೆ, ಮಣ್ಣಿನ ಧೂಳೂ ಅವುಗಳ ಮೇಲೆಯೇ ಕೂರುತ್ತದೆ, ಮತ್ತು ಅವನ್ನು ತಿನ್ನುವವರಲ್ಲಿ ಮಕ್ಕಳೂ ಇರುತ್ತಾರೆ. ಮೆಕ್ಕೆಜೋಳದ ಜಾತಿಯಲ್ಲಿ ಲೋಹ ಹೆಚ್ಚಾಗಿ ಬೇರು ಮತ್ತು ಎಲೆಯಲ್ಲೇ ಉಳಿಯುವುದರಿಂದ ಬೇಬಿ ಕಾರ್ನ್ ತೆನೆಯ ಬಗ್ಗೆ ಅಷ್ಟು ಆತಂಕ ಬೇಡ. ಆದರೆ ಅದೇ ಕಾರಣಕ್ಕೆ ಅದರ ದಂಟನ್ನು ದಿನವೂ ಹಸುವಿಗೆ ಹಾಕುವ ಮೊದಲು ಹುಲ್ಲನ್ನೂ ದಂಟನ್ನೂ ಒಮ್ಮೆ ಪರೀಕ್ಷೆಗೆ ಕೊಡಿ. ಹಿಪ್ಪುನೇರಳೆಯ ಎಲೆ ಮನುಷ್ಯರ ಊಟಕ್ಕೆ ಬರುವುದಿಲ್ಲವಾದ್ದರಿಂದ ಫಲಿತಾಂಶ ಕೈಸೇರುವ ತನಕ ಜಮೀನಿನ ಹೆಚ್ಚಿನ ಭಾಗವನ್ನು ಅದಕ್ಕೇ ಬಿಟ್ಟುಕೊಡುವುದು ಕ್ಷೇಮ.